ಕಜ್ಜಿ ಎನ್ನಲು ನಾಚಿ ಗೋವರ ಎಂದದ್ದು

ನರ್ಸಿನ ಗಂಡನೆಂದರೆ ಅರ್ಧ ಡಾಕ್ಟರ್ ಇದ್ದ ಹಾಗೆ ಎಂಬುದು ಬಹಳ ದಿನಗಳಿಂದ ನನ್ನ ಗಟ್ಟಿ ನಂಬಿಕೆಯಾಗಿತ್ತು. ನನ್ನ ಹೆಂಡತಿ ಶಾರದಾ ಅಕ್ಕಲಕೋಟದ ಒಂದು ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನ ನರ್ಸು. ಬೆಳಿಗ್ಗೆ ಸೋಲಾಪುರದಿಂದ ಎಸ್‌ಟಿ ಬಸ್ಸಿನಲ್ಲಿ ಹೋಗುತ್ತಾಳೆ, ಸಂಜೆ ಅದೇ ಬಸ್ಸಿನಲ್ಲಿ ವಾಪಸು. ಊಟಕ್ಕೆ ಕುಳಿತಾಗ ವಾರ್ಡಿನ ಸುದ್ದಿ ಹೇಳುತ್ತಾಳೆ. ಯಾವ ಕೂಸಿನ ಕೈ ಮೇಲೆ ಬಿಸಿ ಚಹಾ ಬಿತ್ತು, ಯಾವ ತಾಯಿ ಸುಟ್ಟ ಗಾಯಕ್ಕೆ ಹಲ್ಲುಜ್ಜುವ ಪೇಸ್ಟು ಬಳಿದುಕೊಂಡು ಓಡಿ ಬಂದಳು, ಯಾರ ಮಗ ಮೊಣಕಾಲಿನ ಹಕ್ಕಳೆ ಕಿತ್ತುಕೊಂಡ. ನಾನು ರೊಟ್ಟಿ ಮುರಿಯುತ್ತ ಎಲ್ಲದಕ್ಕೂ ತಲೆಯಾಡಿಸುತ್ತೇನೆ. ಹನ್ನೊಂದು ವರ್ಷ ಒಂದೇ ಸಮನೆ ತಲೆಯಾಡಿಸಿದವನಿಗೆ ಸ್ವಲ್ಪವಾದರೂ ವಿದ್ಯೆ ಹತ್ತದೆ ಇದ್ದೀತೇ?

ನನ್ನ ಸ್ವಂತ ಕಸುಬು ಟವೆಲ್ಲು ಮತ್ತು ಚಾದರದ ಠೋಕ ವ್ಯಾಪಾರ, ಅಂದರೆ ಸಗಟು. ವಿಜಾಪುರ ರಸ್ತೆಯಲ್ಲಿ ಮನೆ, ಪೇಟೆಯಲ್ಲಿ ಅಂಗಡಿ. ಅಂಗಡಿಯಲ್ಲಿ ಟವೆಲ್ಲಿನ ಬಣ್ಣದ ಬಗ್ಗೆ, ಓಣಿಯಲ್ಲಿ ಬೇರೆಯವರ ಮಕ್ಕಳ ಕೆಮ್ಮಿನ ಬಗ್ಗೆ, ಎರಡೂ ಕಡೆ ನಾನು ಒಂದೇ ಧೈರ್ಯದಿಂದ ಗ್ಯಾರಂಟಿ ಕೊಡುತ್ತಿದ್ದೆ.

ಆ ಗುರುವಾರ ಬೆಳಿಗ್ಗೆ ಶಾರದಾ ನಮ್ಮ ಆರು ವರ್ಷದ ಮಗಳು ಗೌರಿಯ ತಲೆ ಬಾಚುತ್ತಿದ್ದವಳು ಬಾಚಣಿಗೆ ಬಿಟ್ಟು ಅವಳ ಕೈ ಹಿಡಿದುಕೊಂಡಳು.

"ಏನ್ರಿ, ಇಲ್ಲಿ ಬರ್ರಿ. ಆಕಿ ಬೆರಳ ಸಂದಿ ನೋಡ್ರಿ. ಕಜ್ಜಿ ಅದ."

"ಕಜ್ಜಿ? ನಮ್ಮ ಮನ್ಯಾಗ?"

"ಯಾಕ, ಕಜ್ಜಿ ಏನ್ ಮನಿ ನಂಬರ್ ನೋಡಿ ಬರತದೇನು?"

ಅವತ್ತು ಕಜ್ಜಿ ಬರಬಾರದಿತ್ತು. ಕಾರಣ, ಭಾನುವಾರ ಅಕ್ಕಲಕೋಟದಲ್ಲಿ ಶಾರದಾಳ ತಮ್ಮನ ಮಗಳ ತೊಟ್ಟಿಲ ಕಾರ್ಯಕ್ರಮ. ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯಾದ ಶಾರದಾಳದು. ಕೂಸನ್ನು ತೊಟ್ಟಿಲ ಕೆಳಗಿಂದ ಮೇಲಕ್ಕೆ, ಕೈಯಿಂದ ಕೈಗೆ ಸಾಗಿಸುವಾಗ ಒಂದು ಸುತ್ತು ಗೌರಿಯ ಕೈಗೂ ಕೊಡುವುದೆಂದು ಅವಳ ಸೋದರಮಾವ ಮಾತು ಕೊಟ್ಟಿದ್ದ. ಅವತ್ತಿನಿಂದ ನಮ್ಮ ಹುಡುಗಿ ಅಂಗಡಿಯ ಒಂದು ಬಿಳಿ ನ್ಯಾಪ್‌ಕಿನ್ನನ್ನು ಸುರುಳಿ ಸುತ್ತಿ, ಅದನ್ನೇ ಕೂಸು ಮಾಡಿಕೊಂಡು, ಕುತ್ತಿಗೆಗೆ ಕೈ ಆನಿಸಿ ಎತ್ತುವುದನ್ನು ಅಭ್ಯಾಸ ಮಾಡುತ್ತಿದ್ದಳು. ಒಂದು ಸಲವೂ ಕೆಳಗೆ ಬೀಳಿಸಿರಲಿಲ್ಲ.

"ಮಮ್ಮಿ, ನಾ ಬಾಳನ್ನ ಎತಗೋಬಹುದಲ್ಲಾ?" ಎಂದು ಕೇಳಿದಳು. ಸಾಲೆಯಲ್ಲಿ ಮರಾಠಿ ಕಲಿಯುವ ಅವಳಿಗೆ ಕೂಸು ಯಾವಾಗಲೂ 'ಬಾಳ'.

"ಔಷಧ ಸರಿಯಾಗಿ ಹಚ್ಚಿಕೊಂಡ್ರ ಎತಗೋಬಹುದು. ಇಲ್ಲಾಂದ್ರ ಇಲ್ಲ," ಎಂದಳು ಶಾರದಾ. ಮಕ್ಕಳ ವಾರ್ಡಿನವರು ಸುಳ್ಳು ಸಮಾಧಾನ ಹೇಳುವುದಿಲ್ಲ.

ಮೂರು ದಿನದ ಡ್ಯೂಟಿ, ಜೊತೆಗೆ ತವರುಮನೆಯ ಕೆಲಸ ಎಂದು ಅವಳು ಭಾನುವಾರದ ತನಕ ಅಲ್ಲೇ ಉಳಿಯುವುದಿತ್ತು. ಬಸ್ಸಿಗೆ ಹೊತ್ತಾಗಿತ್ತು, ಕೈಯ ಫೋಟೋ ತೆಗೆದುಕೊಂಡು ಓಡಿದಳು. ಹತ್ತು ಗಂಟೆಗೆ ತನ್ನ ಡಾಕ್ಟರರಿಗೆ ಫೋಟೋ ತೋರಿಸಿ ನನಗೆ ಫೋನ್ ಮಾಡಿದಳು.

"ಎರಡು ಟ್ಯೂಬ್ ಮುಲಾಮು ತಗೋರಿ. ಹೆಸರು ಕಳಿಸೀನಿ. ಸಂಜಿಕಿ ಕುತಿಗಿಯಿಂದ ಅಂಗಾಲ ತನಾ, ಒಂದ್ ಸಂದಿನೂ ಬಿಡದಂಗ ಹಚ್ಚಬೇಕು. ಆಕಿಗೂ ಹಚ್ಚರಿ, ನೀವೂ ಹಚಗೋರಿ. ನಾ ಇಲ್ಲಿ ಹಚಗೋತೀನಿ. ಕೈ ತೊಳಕೊಂಡ್ರ ಮತ್ತ ಕೈಗಿ ಹಚ್ಚಬೇಕು. ಮುಂಜಾನಿ ಜಳಕ. ಹಾಸಿಗಿ, ಚಾದರ ಎಲ್ಲಾ ಬಿಸಿನೀರಾಗ ಒಗದು ಬಿಸಲಿಗಿ ಹಾಕ್ರಿ. ಆಮ್ಯಾಲ ಆಕಿ ಕೂಡ ಆಡೋ ಹುಡುಗರ ಮನಿಗಿ ಹೇಳ್ರಿ. ತಿಳೀತಾ?"

"ನನಗ ಹೇಳಾಕತ್ತೀಯೇನ ಶಾರದಾ?" ಎಂದು ನಕ್ಕುಬಿಟ್ಟೆ.

ಔಷಧಿ ಅಂಗಡಿ ನಮ್ಮ ಮನೆಯ ಕೆಳಗೇ ಇದೆ. ಆದರೆ ಅಲ್ಲಿ ಎಲ್ಲರೂ ನನ್ನನ್ನು ಶೇಟಜಿ ಎನ್ನುತ್ತಾರೆ. ಶೇಟಜಿ ಹೋಗಿ ಕಜ್ಜಿಯ ಮುಲಾಮು ಕೇಳುವುದು ಹೇಗೆ? ಸ್ಕೂಟರ್ ಹತ್ತಿ ಊರಿನ ಇನ್ನೊಂದು ತುದಿಗೆ ಹೋದೆ. ಯಾರೂ ಪರಿಚಯದವರಿಲ್ಲ ಎಂದು ಖಾತ್ರಿ ಮಾಡಿಕೊಂಡು, ಕೌಂಟರಿನ ಮೇಲೆ ಬಾಗಿ, ಫೋನಿನಲ್ಲಿದ್ದ ಹೆಸರನ್ನು ಮೆಲ್ಲಗೆ ತೋರಿಸಿದೆ. ಆ ಮಹಾನುಭಾವ ಒಳಗಿನವನಿಗೆ ಕೂಗಿದ:

"ಅರೇ, ಖರಜೇಚಾ ಮಲಮ್ ದೇ ರೇ!"

ಖರೂಜ್ ಎಂದರೆ ಕಜ್ಜಿ ಎಂದು ಸೋಲಾಪುರದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನನ್ನ ಪಕ್ಕದಲ್ಲಿ ನಿಂತಿದ್ದ ಮೂವರು ತಲಾ ಒಂದೊಂದು ಹೆಜ್ಜೆ ಸರಿದರು. "ಕಿತಿ ಪಾಯಿಜೆ?" ಎಂದು ಕೇಳಿದ. ಎರಡು ಎನ್ನಲು ಬಾಯಿ ಬರಲಿಲ್ಲ. ಎರಡು ಎಂದರೆ ಮನೆಯಲ್ಲಿ ಇಬ್ಬರಿಗೆ ಎಂದಾಯಿತು! ಒಂದೇ ಸಾಕು ಎಂದೆ. ಹೇಗೂ ಕಜ್ಜಿ ಇರುವುದು ಮಗಳಿಗೆ. ಇಲ್ಲದ ರೋಗಕ್ಕೆ ಔಷಧಿ ಬಳಿದುಕೊಳ್ಳಲು ನನಗೇನು ಹುಚ್ಚೇ?

ಸಂಜೆ ಗೌರಿಯನ್ನು ಎದುರಿಗೆ ಕೂರಿಸಿಕೊಂಡು, ಎಲ್ಲೆಲ್ಲಿ ಗುಳ್ಳೆ ಕಂಡಿತೋ ಅಲ್ಲಲ್ಲಿ ಮಾತ್ರ, ದೇವರಿಗೆ ಗಂಧ ಇಟ್ಟ ಹಾಗೆ ಒಂದೊಂದು ಬೊಟ್ಟು ಇಟ್ಟೆ.

"ಪಪ್ಪಾ, ಮಮ್ಮಿ ಪೂರಾ ಹಚ್ಚಂದಾಳ."

"ಮಮ್ಮಿ ದವಾಖಾನ್ಯಾಗ ನರ್ಸ್. ಇವತ್ತ ಮನ್ಯಾಗ ನಾನ ನರ್ಸ್."

ಗೌರಿ ನನ್ನನ್ನು ಒಂದು ಕ್ಷಣ ನೋಡಿದಳು. ಅವಳ ತಾಯಿ ನೋಡುವುದೂ ಹೀಗೆಯೇ. ನಾನು ಟ್ಯೂಬಿನ ಮುಚ್ಚಳ ಹಾಕಿದೆ. ಮುಕ್ಕಾಲು ಭಾಗ ಉಳಿದಿತ್ತು. ಎಷ್ಟು ಕೈ ಹಿಡಿದು ಖರ್ಚು ಮಾಡಿದೆ ಎಂದು ನನಗೇ ಹೆಮ್ಮೆಯಾಯಿತು.

ಶುಕ್ರವಾರ ಬೆಳಿಗ್ಗೆ ಅವಳು ಜಳಕಕ್ಕೆ ಹೋದಳು. ಮನೆಯ ಹಳೆಯ ಟವೆಲ್ಲುಗಳೆಲ್ಲ ಒಗೆಯುವ ರಾಶಿಯಲ್ಲಿದ್ದವು. ಅಂಗಡಿಯಿಂದ ತಂದಿದ್ದ ಹೊಸ ಮಾಲಿನಿಂದ ಒಂದು ಕುಂಕುಮಗೆಂಪು ಟವೆಲ್ಲು ತೆಗೆದು ಬಾಗಿಲ ಸಂದಿಯಿಂದ ಒಳಗೆ ಕೊಟ್ಟೆ. ಬಣ್ಣ ಬಿಟ್ಟರೆ ಮಾಲು ವಾಪಸು ಎಂದು ಲಾತೂರಿನ ಗಿರಾಕಿಗೆ ಹಿಂದಿನ ದಿನವಷ್ಟೇ ಎದೆ ತಟ್ಟಿ ಹೇಳಿದ್ದ ಮಾಲು ಅದು.

ಗೌರಿ ಫ್ರಾಕು ಹಾಕಿಕೊಂಡು ಹೊರಗೆ ಬಂದಳು. ಮುಖ ಕೆಂಪು. ಕತ್ತು ಕೆಂಪು. ಕೈ ಕೆಂಪು. ಕಾಲು ಕೆಂಪು. ಫ್ರಾಕು ಮಾತ್ರ ಬಿಳಿ!

"ಪಪ್ಪಾ, ನಾ ಚಂದ ಕಾಣ್ತೀನೇನ?"

ಸಾಬೂನು ಹಚ್ಚಿ ತೊಳೆದೆ. ಕೆಂಪು ಹೋಗಿ ಗುಲಾಬಿಯಾಯಿತು, ಅದೂ ಅಲ್ಲಲ್ಲಿ, ಮಚ್ಚೆ ಮಚ್ಚೆಯಾಗಿ. ಮೊದಲಿನದೇ ವಾಸಿಯಿತ್ತು. ಆಮೇಲೆ ನೋಡಿದರಾಯಿತು ಎಂದು ಅವಳ ಕೈಗೆ ಅವಲಕ್ಕಿ ತಟ್ಟೆ ಕೊಟ್ಟು, ಚಾದರ ಒಗೆಯಲು ಹೊರಟೆ.

ಸೋಲಾಪುರಿ ಚಾದರವನ್ನು ಇಪ್ಪತ್ತು ವರ್ಷ ಮಾರಿದ್ದೇನೆ. ಒಗೆಯಲು ಬಲು ಹಗುರ ಎಂದು ಸಾವಿರ ಜನಕ್ಕಾದರೂ ಹೇಳಿರಬೇಕು. ಒಂದನ್ನೂ ಒಗೆದಿರಲಿಲ್ಲ. ಬಿಸಿನೀರಿನಲ್ಲಿ ನಾಲ್ಕು ಚಾದರ ಅದ್ದಿದೆ. ಮೊದಲನೆಯದನ್ನು ಎತ್ತಲು ಹೋದಾಗ ಅದು ಏಳಲಿಲ್ಲ. ನಾನು ಬಗ್ಗಿದೆ. ಅದು ಮಲಗಿದ ಎಮ್ಮೆಯ ಹಾಗೆ ಅಲ್ಲೇ ಇತ್ತು. ಕೊನೆಗೆ ಗೌರಿ ಆ ತುದಿ, ನಾನು ಈ ತುದಿ ಹಿಡಿದು, ನೆಲದ ಮೇಲೆ ಎಳೆದುಕೊಂಡು ಗ್ಯಾಲರಿಗೆ ತಂದು ಹಗ್ಗದ ಮೇಲೆ ಹೇರಿದೆವು. ಎರಡನೆಯದನ್ನೂ ಹೇರಿದೆವು. ಮೂರನೆಯದು ಹತ್ತುತ್ತಲೇ ಹಗ್ಗ ತನ್ನ ಅಭಿಪ್ರಾಯ ತಿಳಿಸಿತು. ಫಟ್!

ಮೂರೂ ಚಾದರಗಳು ಕಟಕಟೆ ದಾಟಿ ಕೆಳಗಿನ ಅಂಗಳಕ್ಕೆ ಹೋದವು. ಅಲ್ಲಿ ಕೆಳಮನೆಯ ಸುಮನ ವೈನಿಯವರು ಮುಂಜಾನೆಯಿಂದ ಕೂತು ಹಾಕಿದ್ದ ಶಾಬೂದಾಣಿ ಪಾಪಡಗಳು ಬಿಸಿಲಿಗೆ ಒಣಗುತ್ತಿದ್ದವು. ಒಂದೂ ಉಳಿಯಲಿಲ್ಲ.

ವೈನಿಯವರು ಮೆಟ್ಟಿಲು ಹತ್ತಿ ಬರುವ ಸಪ್ಪಳದಲ್ಲೇ ನನಗೆ ಎಲ್ಲ ತಿಳಿಯಿತು.

"ಅಹೋ ಭಾವಜಿ! ಇದೇನ್ ಮಾಡೀರಿ? ನಾಕ್ ಕಿಲೋದ್ದು ಪಾಪಡ! ನಿಮಗೇನ್ ಕಣ್ಣ..." ಎನ್ನುತ್ತ ಬಾಗಿಲಿಗೆ ಬಂದವರು, ನನ್ನ ಹಿಂದಿನಿಂದ ಇಣುಕಿದ ಗೌರಿಯನ್ನು ನೋಡಿ ಗಪ್ಪನೆ ನಿಂತರು. ಸಿಟ್ಟು ಇಳಿಯಿತು. ಎರಡೂ ಕೈ ಗಲ್ಲಕ್ಕೆ ಹೋದವು.

"ಅಗಂಬಾಯಿ! ಪೋರಿಗಿ ಗೋವರ ಬಂದದೇನು?"

ಗೋವರ ಎಂದರೆ ದಡಾರ. ಇಲ್ಲಿ ನಾನು ಒಂದು ಕ್ಷಣ ವಿಚಾರ ಮಾಡಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಕಜ್ಜಿ ಎಂದರೆ ಜಳಕ ಮಾಡದವರ ಮನೆಯದು ಎಂದು ಜನ ತಿಳಿಯುತ್ತಾರೆ. ಗೋವರ ಹಾಗಲ್ಲ. ಅದು ಮರ್ಯಾದಸ್ಥರ ಮನೆಗೂ ಬರುತ್ತದೆ. ಬಂದರೆ ಜನ ಮರುಕಪಡುತ್ತಾರೆ, ಪಾಪಡದ ವಿಷಯ ಮರೆಯುತ್ತಾರೆ. ಕಜ್ಜಿಯೋ, ಗೋವರವೋ? ಪ್ರತಿಷ್ಠಿತ ವ್ಯಾಪಾರಿಯೊಬ್ಬ ಇಂಥ ಪ್ರಸಂಗದಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

"ಹೂಂ," ಎಂದೆ.

ಅರ್ಧ ಗಂಟೆಯೊಳಗೆ ಕಟ್ಟಡದ ಹನ್ನೆರಡೂ ಮನೆಗೆ ಸುದ್ದಿ ಮುಟ್ಟಿತು. ನಮ್ಮ ಬಾಗಿಲಿಗೆ ಬೇವಿನ ಟೊಂಗೆ ಬಂತು. ವೈನಿಯವರು ಮೊಸರನ್ನ ತಂದರು. ಒಗ್ಗರಣೆ ಹಾಕಕೂಡದು, ಕರಿಯಕೂಡದು, ಮನೆಯಲ್ಲಿ ಜೋರಾಗಿ ಮಾತಾಡಕೂಡದು ಎಂದು ಅಪ್ಪಣೆ ಮಾಡಿದರು. ಅಂಗಳದಲ್ಲಿ ಆಡುತ್ತಿದ್ದ ಮಕ್ಕಳನ್ನೆಲ್ಲ ಅವರವರ ತಾಯಂದಿರು ರಟ್ಟೆ ಹಿಡಿದು ಒಳಗೆ ಎಳೆದುಕೊಂಡರು.

"ಪಪ್ಪಾ, ಸುಳ್ ಯಾಕ ಹೇಳ್ದಿ?" ಎಂದಳು ಗೌರಿ.

"ಸುಳ್ಳಲ್ಲವ್ವಾ. ವ್ಯವಹಾರ."

ಹನ್ನೊಂದು ಗಂಟೆಗೆ ಆಶಾ ಕಾರ್ಯಕರ್ತೆ ರಜಿಸ್ಟರು ಹಿಡಿದು ಬಂದರು. ವೈನಿಯವರೇ ಕಳಿಸಿದ್ದರು. ಜ್ವರ ಎಷ್ಟು ದಿನದಿಂದ? ಕೆಮ್ಮು? ಕಣ್ಣು ಕೆಂಪಾಗಿದೆಯೇ? ಗೋವರ ಎಂದರೆ ಸುಮ್ಮನೆ ಬಿಡುವ ಹಾಗಿಲ್ಲ, ಮೇಲಿನವರಿಗೆ ತಿಳಿಸಬೇಕು, ರಕ್ತ ತೆಗೆಯಬೇಕು, ಕಟ್ಟಡದ ಎಲ್ಲ ಮಕ್ಕಳನ್ನೂ ತಪಾಸಣೆ ಮಾಡಬೇಕು ಎಂದರು. ಮರ್ಯಾದೆಯ ರೋಗಕ್ಕೆ ಇಷ್ಟೊಂದು ಕಾಗದಪತ್ರ ಇರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

"ಆದ್ರ ಶೇಟಜಿ, ಇಕಿಗಿ ಗೋವರದ ಲಸಿಕಿ ಎರಡೂ ಡೋಸ್ ಆಗ್ಯಾವಲ್ಲ? ಕಾರ್ಡ್ ಮ್ಯಾಲ ಶಾರದಾ ಸಿಸ್ಟರದ್ದ ಸಹಿ ಅದ. ತಡೀರಿ, ಸಿಸ್ಟರಿಗಿ ಫೋನ್ ಮಾಡ್ತೀನಿ."

"ಬ್ಯಾಡ್ರಿ ತಾಈ! ಆಕಿ ಡ್ಯೂಟಿ ಮ್ಯಾಲ..." ಎನ್ನುವಷ್ಟರಲ್ಲಿ ನನ್ನದೇ ಫೋನು ರಿಂಗಾಯಿತು. ಶಾರದಾ ಅಲ್ಲ. ಅಕ್ಕಲಕೋಟದ ನನ್ನ ಅತ್ತೆ. ವೈನಿಯವರು ಅಲ್ಲಿಗೂ ಫೋನು ಮಾಡಿಬಿಟ್ಟಿದ್ದರು!

"ಅಳಿಯಂದಿರಾ, ತಪ್ಪ ತಿಳಕೋಬ್ಯಾಡ್ರಿ," ಎಂದರು ಅತ್ತೆ. ಅವರ ದನಿ ಅಳುವಂತಿತ್ತು. "ಹನ್ನೆರಡ ದಿನದ ಕೂಸರಿ. ಗೋವರ ಅಂದ್ರ ಹೆಂಗ ಮಾಡೂದು? ಗೌರಿಗಿ ಈ ಸರ್ತಿ ಕರಕೊಂಡ ಬರಬ್ಯಾಡ್ರಿ. ಆಕಿಗಿ ನೀವ ಸಮಾಧಾನ ಹೇಳ್ರಿ."

ಫೋನಿನ ದನಿ ದೊಡ್ಡದಿತ್ತು. ಗೌರಿ ಎಲ್ಲ ಕೇಳಿದಳು. ಅಳಲಿಲ್ಲ, ಹಟ ಮಾಡಲಿಲ್ಲ. ತೊಡೆಯ ಮೇಲಿದ್ದ ನ್ಯಾಪ್‌ಕಿನ್ನಿನ ಕೂಸನ್ನು ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಅಂಗಡಿಯ ಮಾಲಿನ ಗಂಟಿನ ಮೇಲೆ ಇಟ್ಟುಬಿಟ್ಟಳು.

ಮಗುವಿನ ರೋಗಕ್ಕಿಂತ ನನ್ನ ಮರ್ಯಾದೆಗೆ ಹೆಚ್ಚು ಆರೈಕೆ ಮಾಡಿದೆನಲ್ಲ ಎಂದು ನಿಜವಾಗಿಯೂ ನಾಚಿಕೆಯಾಯಿತು. ಫೋನು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲ ಬಳಿ ಹೋಗಿ, ಕೆಳಗೂ ಮೇಲೂ ಕೇಳುವಂತೆ ಕೂಗಿದೆ:

"ಗೋವರ ಅಲ್ರೀ! ಕಜ್ಜಿ! ನಮ್ಮ ಮಗಳಿಗಿ ಕಜ್ಜಿ ಆಗ್ಯದ! ಕೆಂಪಂದು ಟವೆಲ್ಲಿನ ಬಣ್ಣ! ಬಣ್ಣ ಬಿಟ್ಟದ ನಮ್ಮ ಮಾಲು!"

ಅತ್ತ ಫೋನಿನಲ್ಲಿ ಅತ್ತೆಯೂ ಕೇಳಿದರು, ಇತ್ತ ಹನ್ನೆರಡು ಮನೆಯವರೂ ಕೇಳಿದರು. ಒಂದೇ ಮಾತಿನಲ್ಲಿ ಮನೆತನ, ದುಕಾನು ಎರಡೂ ಮುಳುಗಿದವು. ಎಲ್ಲ ಬಾಗಿಲುಗಳೂ ತೆರೆದಿದ್ದವು. ಕಡೆಗೆ ಸುಮನ ವೈನಿಯವರು ಎರಡು ಮೆಟ್ಟಿಲು ಹತ್ತಿ ಬಂದು, ಬಹಳ ಮೆಲ್ಲಗೆ ಕೇಳಿದರು:

"ಭಾವಜಿ, ಖರೂಜ್ ಅಂದ್ರ... ಬೆರಳ ಸಂದ್ಯಾಗ ಸಣ್ಣ ಸಣ್ಣ ಗುಳ್ಳಿ, ಸಂಜಿ ಆದ್ರ ಕೆರತ ಜಾಸ್ತಿ, ಅದ ಅಲ್ಲ?"

"ಹೂಂ ವೈನಿ. ಯಾಕ?"

"ನಮ್ಮ ಮೊಮ್ಮಗನಿಗಿ ಒಂದು ತಿಂಗಳಾತು. ಬೆವರಗುಳ್ಳಿ ಅಂತ ಎಲ್ಲಾರಿಗೂ ಹೇಳಿ, ಕೊಬ್ಬರೆಣ್ಣಿ ತಿಕ್ಕಾಕತ್ತೀನಿ."

ಮೇಲಿನ ಮನೆಯವರು ಕೆಮ್ಮಿ, ತಮ್ಮ ಇಬ್ಬರು ಮಕ್ಕಳದು 'ಅಲರ್ಜಿ' ಎಂದರು. ಎದುರು ಮನೆಯದು 'ಸೊಳ್ಳೆ ಕಡಿತ'ವಾಗಿತ್ತು. ಆಶಾ ತಾಈ ಗೋವರ ಎಂದು ಬರೆದದ್ದನ್ನು ಹೊಡೆದು ಹಾಕಿ ಹೊಸ ಪುಟ ತೆಗೆದರು. ಒಂದೇ ಕಟ್ಟಡದಲ್ಲಿ ಐದು ಮಕ್ಕಳು, ನಾಲ್ಕು ಹೆಸರಿನಲ್ಲಿ ಒಂದೇ ಕಜ್ಜಿ! ನನ್ನ ಹಾಗೆ ಮರ್ಯಾದಸ್ಥರು ಇಷ್ಟು ಜನ ಇದ್ದಾರೆಂದು ನನಗೆ ಸ್ವಲ್ಪ ಸಮಾಧಾನವಾಯಿತು.

ತಾಯಿಯಿಂದ ಸುದ್ದಿ ತಿಳಿದು, ಅರ್ಧ ದಿನದ ರಜೆ ಹಾಕಿ, ಎರಡು ಗಂಟೆಯ ಬಸ್ಸಿಗೆ ಶಾರದಾ ಬಂದಳು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಕೊಬ್ಬರಿ ಎಣ್ಣೆಯಲ್ಲಿ ಹತ್ತಿ ಅದ್ದಿ ಮಗಳ ಗುಲಾಬಿ ಬಣ್ಣ ಒರೆಸಿದಳು. ಉಗುರು ಕತ್ತರಿಸಿದಳು. ಮುಕ್ಕಾಲು ತುಂಬಿದ ಟ್ಯೂಬನ್ನು ಎತ್ತಿ ನನ್ನ ಮುಂದೆ ಹಿಡಿದಳು.

"ಇದೇನ್ ಪ್ರಸಾದೇನ್ರಿ, ಚಿಟಿಕಿ ಚಿಟಿಕಿ ಹಂಚಾಕ? ಮತ್ತ ನಿಮ್ಮ ಟ್ಯೂಬ್ ಎಲ್ಲಿ?"

"ನನಗೇನ್ ಆಗ್ಯದ ಶಾರದಾ?"

"ಕೈ ತೋರಸ್ರಿ."

ತೋರಿಸಿದೆ. ಅವಳು ಬೆರಳ ಸಂದಿ ನೋಡಿದಳು, ಮಣಿಕಟ್ಟು ನೋಡಿದಳು. ನಾನು ಒಂದು ತಿಂಗಳಿಂದ ಕೆರೆದುಕೊಳ್ಳುತ್ತಿದ್ದೆ, ನಿಜ. ಅದು ಸೆಕೆಗೆ ಎಂದುಕೊಂಡಿದ್ದೆ. ನಾನೂ ಒಂದು ಹೆಸರು ಕೊಟ್ಟುಕೊಂಡಿದ್ದೆ!

"ಗೌರಿದು ಎರಡ್ ವಾರದ್ದು. ನಿಮ್ದು ಅದರಕಿಂತ ಹಳೇದು. ಆಕಿಗಿ ಬಂದಿದ್ದ ನಿಮ್ಮಿಂದ. ನಿಮಗ ಎಲ್ಲಿಂದ ಬಂತು?"

ಆಗ ಗಾದಿಯ ವಿಷಯ ಹೊರಬಿತ್ತು. ನಮ್ಮ ಪೇಟೆಯಲ್ಲಿ ಠೋಕ ವ್ಯಾಪಾರ ಕುರ್ಚಿಯ ಮೇಲೆ ಕೂತು ಆಗುವುದಿಲ್ಲ. ಬಿಳಿ ಗಾದಿ, ಲೋಡು, ಅದರ ಮೇಲೆ ಶೇಟಜಿ, ಪಕ್ಕದಲ್ಲಿ ಗಿರಾಕಿ. ಮಧ್ಯಾಹ್ನ ಊಟವಾದ ಮೇಲೆ ಸೌದಾ ಮುಗಿಸಿದ ಗಿರಾಕಿ, ದಲ್ಲಾಳಿ, ಗಂಟು ಹೊತ್ತು ದಣಿದ ಹಮಾಲ, ಯಾರು ಬೇಕಾದರೂ ಅದೇ ಗಾದಿಯ ಮೇಲೆ ಒರಗಿ, ಅಲ್ಲೇ ಮಡಚಿಟ್ಟ ನಮೂನೆಯ ಚಾದರ ಹೊದ್ದು ಒಂದು ಗಳಿಗೆ ಕಣ್ಣು ಮುಚ್ಚುವುದು ನಮ್ಮ ತಂದೆಯ ಕಾಲದ ಪದ್ಧತಿ. ಮಲಗಬೇಡ ಎನ್ನುವುದು ಸೌಜನ್ಯವಲ್ಲ. ಎಲ್ಲರೂ ಎದ್ದ ಮೇಲೆ ಅದೇ ಚಾದರದಲ್ಲಿ ನನ್ನ ನಿದ್ದೆ.

"ಆ ಚಾದರ ಯಾವಾಗ ಒಗದೀರಿ?"

"ದೀಪಾವಳಿ ಲಕ್ಷ್ಮೀಪೂಜಿಗಿ."

"ಯಾವ ದೀಪಾವಳಿ?"

ನಾನು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದೆ. ಶಾರದಾ ಮೊದಲು ತುಟಿ ಬಿಗಿಹಿಡಿದಳು, ಆಮೇಲೆ ತಡೆಯಲಾರದೆ ನಕ್ಕುಬಿಟ್ಟಳು. ಅವಳು ನಕ್ಕದ್ದನ್ನು ನೋಡಿ ಗೌರಿಯೂ ನಕ್ಕಳು. ಬೆಳಗಿನಿಂದ ನಮ್ಮ ಮನೆಯಲ್ಲಿ ಕೇಳಿದ ಮೊದಲ ನಗು ಅದು.

ಸಂಜೆ ಇಬ್ಬರಿಗೂ ಕುತ್ತಿಗೆಯಿಂದ ಅಂಗಾಲಿನವರೆಗೆ ಮುಲಾಮು ಬಿತ್ತು. ಈ ಸಲ ಎರಡು ಟ್ಯೂಬು, ಅದೂ ನಮ್ಮ ಮನೆಯ ಕೆಳಗಿನ ಅಂಗಡಿಯಿಂದಲೇ. ಆಮೇಲೆ ಶಾರದಾ ಕಟ್ಟಡದ ಮಕ್ಕಳನ್ನೆಲ್ಲ ಅಂಗಳದಲ್ಲಿ ಕೂರಿಸಿ, ಕೈ ನೋಡಿ, ತಾಯಂದಿರಿಗೆ ಎಲ್ಲವನ್ನೂ ಒಂದೊಂದಾಗಿ ತಿಳಿಸಿದಳು. ಸುಮನ ವೈನಿಯವರು ಪಾಪಡದ ಬಗ್ಗೆ ಮಾತೆತ್ತಲಿಲ್ಲ. ಶನಿವಾರ ಬೆಳಿಗ್ಗೆ ಗೌರಿ ಬಿಸಿನೀರಿನಲ್ಲಿ ಜಳಕ ಮಾಡಿ, ಒಗೆದ ಬಟ್ಟೆ ಹಾಕಿಕೊಂಡಳು. "ಈಗ ನೀ ಎತಗೋಬಹುದು," ಎಂದಳು ಅವಳ ತಾಯಿ. ತುರಿಕೆ ಇನ್ನೂ ಸ್ವಲ್ಪ ದಿನ ಇರುತ್ತದೆ, ಒಂದು ವಾರದ ನಂತರ ಮತ್ತೊಮ್ಮೆ ಹಚ್ಚಬೇಕು, ಆದರೆ ಕೂಸಿಗೆ ಅಪಾಯವಿಲ್ಲ ಎಂದು ತವರಿಗೂ ತಾನೇ ಫೋನು ಮಾಡಿ, ಡ್ಯೂಟಿಗೆ ಹೋದಳು. ಮಗಳು ಗಂಟಿನ ಮೇಲಿನ ನ್ಯಾಪ್‌ಕಿನ್ನನ್ನು ತೆಗೆದು ಮತ್ತೆ ಸುರುಳಿ ಸುತ್ತಿದಳು.

ಗೌರಿ ಸಾಲೆಗೆ ಹೋದ ಮೇಲೆ ನಾನು ಅಂಗಡಿಗೆ ಹೋದೆ. ಮೈ ಹಗುರಾಗಿತ್ತು, ಮನಸ್ಸು ಹಗುರಾಗಿತ್ತು. ಗಾದಿಯ ಬಟ್ಟೆ, ಚಾದರ ಎಲ್ಲವನ್ನೂ ಧೋಬಿಗೆ ಹಾಕುವುದೆಂದು ಗಟ್ಟಿ ನಿರ್ಧಾರ ಮಾಡಿದೆ. ಊಟವಾದ ಮೇಲೆ ಹಾಕಿದರಾಯಿತು ಎಂದುಕೊಂಡೆ. ಊಟ ಮಾಡಿದೆ. ಒಂದು ಗಳಿಗೆ ಒರಗಿದೆ. ಎಚ್ಚರವಾದಾಗ ನಾಲ್ಕು ಗಂಟೆ, ಮೈಮೇಲೆ ಅದೇ ಚಾದರ!

ಇದನ್ನು ಭಾನುವಾರ ಅಕ್ಕಲಕೋಟದ ಬಸ್ ಸ್ಟ್ಯಾಂಡಿನಲ್ಲಿ ನಮ್ಮನ್ನು ಕರೆದುಕೊಳ್ಳಲು ಬಂದ ಶಾರದಾಳಿಗೆ ಒಪ್ಪಿಸಿದೆ. ಈ ಸಲ ಮುಚ್ಚಿಡುವ ಧೈರ್ಯವಾಗಲಿಲ್ಲ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಆತು ಬಿಡ್ರಿ. ಮನಿಗಿ ಹೋದಮ್ಯಾಲ ನಿಮ್ದು ಮತ್ತ ಸುರುವಿಂದ. ಅಲ್ಲಿ ತನಾ ಕೂಸಿನ ಸನೇಕ ಬರಬ್ಯಾಡ್ರಿ."

ಮಾವನ ಮನೆಯ ಪಡಸಾಲೆ ತುಂಬ ತೊಟ್ಟಿಲ ಹಾಡು ಹಾಡುವ ಹೆಂಗಸರು. ಶಾರದಾ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು, ಪದ್ಧತಿಯಂತೆ ಬೆನ್ನಿನ ಮೇಲೆ ನಾಲ್ಕು ಗುದ್ದು ತಿಂದಳು. ಕೂಸು ತೊಟ್ಟಿಲ ಕೆಳಗಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ ಸಾಗುತ್ತ ಗೌರಿಯ ಕೈಗೆ ಬಂತು. ಅವಳು ಉಸಿರು ಬಿಗಿಹಿಡಿದು, ಕುತ್ತಿಗೆಗೆ ಅಂಗೈ ಆನಿಸಿ, ಎದೆಗವಚಿಕೊಂಡಳು. ಕೂಸು ಒಂದು ಆಕಳಿಕೆ ತೆಗೆಯಿತು. ನನ್ನ ಮಗಳ ಮುಖ ಅರಳಿತು. ಎಷ್ಟು ಸಣ್ಣ ಸುಳ್ಳಿಗೆ ಇದನ್ನು ಕಳೆದುಬಿಡುತ್ತಿದ್ದೆ!

ಬಾಗಿಲ ಹೊರಗೆ, ಚಪ್ಪಲಿಗಳ ಪಕ್ಕದಲ್ಲಿ ನಿಂತಿದ್ದ ನನ್ನನ್ನು ಅತ್ತೆ ನೋಡಿದರು.

"ಅಯ್ಯ, ಅಳಿಯಂದಿರು ಅಲ್ಲ್ಯಾಕ ನಿಂತಾರ? ಬರ್ರಿ ಒಳಗ, ನೀವೂ ಒಂದೀಟ ಕೂಸಿಗಿ ಎತಗೋರಿ!"

ಇಷ್ಟು ಜನರೆದುರು ಅತ್ತೆಯವರು ಕರೆದರೆ ಅಳಿಯನಾದವನು ಏನು ಮಾಡಬೇಕು? ನಾನು ಎಲ್ಲವನ್ನೂ ಮರೆತು, ನಗುತ್ತ, ಎರಡೂ ಕೈ ಚಾಚಿಕೊಂಡು ಒಳಗೆ ಬಂದೆ.

"ಪಪ್ಪಾನ ಕೈಯಾಗ ಕೊಡಬ್ಯಾಡ್ರಿ!" ಗೌರಿ ಕೂಸನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡು, ಇಡೀ ಪಡಸಾಲೆಗೆ ಕೇಳುವಂತೆ ಹೇಳಿದಳು. "ಪಪ್ಪಾಗ ಕಜ್ಜಿ ಅದ!"

ಹಾಡು ನಿಂತಿತು. ಅರವತ್ತು ಜನ ನನ್ನ ಕೈಗಳನ್ನು ನೋಡಿದರು. ಚಾಚಿದ ಕೈಗಳನ್ನು ಏನಾದರೂ ಮಾಡಲೇಬೇಕಿತ್ತು. ಎರಡನ್ನೂ ಜೋಡಿಸಿ, ಎಲ್ಲರಿಗೂ ನಮಸ್ಕಾರ ಮಾಡಿ, ಹಿಂದೆ ಹಿಂದೆ ನಡೆದು ಮತ್ತೆ ಚಪ್ಪಲಿಗಳ ಪಕ್ಕದಲ್ಲಿ ನಿಂತೆ. ದೂರದಿಂದ ಮಾಡಿದ ನಮಸ್ಕಾರಕ್ಕೆ ಯಾರ ತಕರಾರೂ ಬರಲಿಲ್ಲ.